ಚತುರಾಯಾಮ ಆಕೃತಿಗಳ ಅನಿಮೇಷನ್ ಚಿತ್ರಣ

ನಾಲ್ಕು ಆಯಾಮಗಳುಳ್ಳ ಅವಕಾಶದಲ್ಲಿ ಮಾತ್ರ ಪೂರ್ಣರೂಪ ಪಡೆಯುವ ಜ್ಯಾಮಿತೀಯ ಆಕೃತಿಗಳನ್ನು ಗಣಿತದ ನಿಯಮಕ್ಕೆ ಒಳಪಟ್ಟು ಮೂರು ಅಥವಾ ಎರಡು ಆಯಾಮಗಳಿಗೆ ಇಳಿಸಿ, ಹಾಗೆ ಇಳಿಸಿದ ಚಿತ್ರಗಳ ಸರಣಿಯನ್ನು ಕಂಪ್ಯೂಟರ್‌ನಿಂದ ಬರೆಸಿ, ತೆರೆಯ ಮೇಲೆ ಚಲಿಸುವಂತೆ ಮಾಡಿ ತೋರಿಸುವ ಕಲೆ ಮತ್ತು ಶಾಸ್ತ್ರ. ಗಣಿತ, ಕಂಪ್ಯೂಟರ್ ಚಿತ್ರಕ್ರಮ, ದೃಷ್ಟಿಯ ಮನಶ್ಶಾಸ್ತ್ರ ಈ ಮೂರೂ ಕೂಡುವ ಎಡೆಯಲ್ಲಿ ಇದು 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಇಂಥ ಅನಿಮೇಷನ್ ನಾಲ್ಕನೆಯ ಆಯಾಮವನ್ನೇ ತೋರಿಸುತ್ತದೆ ಎಂಬ ಮಾತು ಜನಪ್ರಿಯ ಬರಹಗಳಲ್ಲಿ ಆಗಾಗ ಕಾಣುತ್ತದಾದರೂ ಅದು ಸರಿಯಲ್ಲ. ತೆರೆಯ ಮೇಲೆ ಕಾಣುವುದು ಆ ಆಕೃತಿಯ ನೆರಳು, ಇಲ್ಲವೆ ಅದರ ಒಂದು ಸೀಳು. ನೆರಳಿನಲ್ಲಾಗಲಿ ಸೀಳಿನಲ್ಲಾಗಲಿ ಏನಾದರೊಂದು ಕಳೆದೇ ಹೋಗುತ್ತದೆ. ಉದ್ದವನ್ನು ಉಳಿಸಬೇಕೆ, ಕೋನವನ್ನು ಉಳಿಸಬೇಕೆ, ನೇರ ರೇಖೆಯನ್ನು ನೇರವಾಗಿಯೇ ಇಡಬೇಕೆ ಎಂಬ ಆಯ್ಕೆಯೇ ಈ ಶಾಸ್ತ್ರದ ಹುರುಳು.

ಇಲ್ಲಿ ನಾಲ್ಕನೆಯ ಆಯಾಮವೆಂದರೆ ಸಾಪೇಕ್ಷತಾ ಸಿದ್ಧಾಂತದಲ್ಲಿ ಬರುವ ಕಾಲವಲ್ಲ. ಉದ್ದ, ಅಗಲ, ಎತ್ತರಗಳೆಂಬ ಮೂರು ದಿಕ್ಕುಗಳಿಗೂ ಏಕಕಾಲಕ್ಕೆ ಲಂಬವಾಗಿರುವ, ಅವುಗಳ ಸರಿಸಮಾನವಾದ ಇನ್ನೊಂದು ದಿಕ್ಕು ಅದು. ಸಮತಲದ ಬಿಂದುವನ್ನು ಎರಡು ಸಂಖ್ಯೆಗಳಿಂದ, ಕೋಣೆಯೊಳಗಿನ ಬಿಂದುವನ್ನು ಮೂರು ಸಂಖ್ಯೆಗಳಿಂದ ಗುರುತಿಸುವಂತೆ ಈ ಅವಕಾಶದ ಬಿಂದುವನ್ನು ನಿರ್ದೇಶಾಂಕಗಳೆಂಬ ನಾಲ್ಕು ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ಬಿಂದುವನ್ನು ಒಂದು ದಿಕ್ಕಿಗೆ ಎಳೆದರೆ ರೇಖೆ, ರೇಖೆಯನ್ನು ಅದಕ್ಕೆ ಲಂಬವಾಗಿ ಎಳೆದರೆ ಚೌಕ, ಚೌಕವನ್ನು ಹಾಗೆಯೇ ಎಳೆದರೆ ಘನ ಸಿಗುತ್ತದೆ; ಘನವನ್ನು ನಾಲ್ಕನೆಯ ದಿಕ್ಕಿಗೆ ಅಷ್ಟೇ ದೂರ ಎಳೆದಾಗ ಸಿಗುವ ಆಕೃತಿಗೆ ಅತಿಘನ ಎಂದೂ ಟೆಸರ್ಯಾಕ್ಟ್ ಎಂದೂ ಹೆಸರು. ಅದನ್ನು ನೋಡಲಾಗದಿದ್ದರೂ ಎಣಿಸಬಹುದು. ಎಳೆಯುವ ಮೊದಲಿನ ಘನದ 12 ಅಂಚು, ಎಳೆದ ಬಳಿಕದ ಘನದ 12 ಅಂಚು, ಎಂಟು ಶೃಂಗಗಳು, ಎಂದರೆ ಮೂಲೆಯ ಬಿಂದುಗಳು, ಸಾಗಿದ ದಾರಿಯಲ್ಲಿ ಮೂಡಿದ ಎಂಟು ಅಂಚು ಕೂಡಿ 32 ಅಂಚುಗಳಾಗುತ್ತವೆ. ಇದೇ ಲೆಕ್ಕದಲ್ಲಿ 16 ಶೃಂಗಗಳೂ 24 ಚೌಕಗಳೂ ಮೇಲ್ಮೈಯಾಗಿ 8 ಘನಗಳೂ ದೊರೆಯುತ್ತವೆ. ಒಂದು ಮಾನ ಅಂಚುಳ್ಳ ಚೌಕದ ಕರ್ಣ 2ರ ವರ್ಗಮೂಲ, ಘನದ ಕರ್ಣ 3ರ ವರ್ಗಮೂಲವಾಗಿ ತೊಡಕಿನ ಸಂಖ್ಯೆಗಳಾದರೆ, ಅತಿಘನದ ಕರ್ಣ 4ರ ವರ್ಗಮೂಲ, ಅಂದರೆ ಸರಿಯಾಗಿ 2. ಬುದ್ಧಿಗೆ ಇಷ್ಟು ಸಲೀಸಾಗಿ ಒಗ್ಗುವ ಈ ವಸ್ತು ಕಣ್ಣಿಗೆ ಮಾತ್ರ ಸಂಪೂರ್ಣ ಮುಚ್ಚಿಕೊಂಡಿದೆ.

ಕಂಪ್ಯೂಟರ್ ಬರುವುದಕ್ಕೆ ಒಂದು ಶತಮಾನ ಮೊದಲೇ ಈ ಆಕೃತಿಗಳ ಅಧ್ಯಯನ ಗಟ್ಟಿಯಾಗಿತ್ತು. ಸ್ವಿಟ್ಜರ್ಲೆಂಡಿನ ಲುಡ್ವಿಗ್ ಶ್ಲೇಫ್ಲಿ 1850–52ರಲ್ಲಿ ಬರೆದ ದೊಡ್ಡ ಪ್ರಬಂಧದಲ್ಲಿ, ಮೂರು ಆಯಾಮದಲ್ಲಿ ಐದೇ ಐದು ಸಮ ಬಹುಮುಖಿಗಳಿರುವಂತೆ ನಾಲ್ಕು ಆಯಾಮದಲ್ಲಿ ಆರು ಸಮ ಆಕೃತಿಗಳಿವೆಯೆಂದು ಸಾಧಿಸಿದ. ಐದು ಚತುರ್ಮುಖಿಗಳಿಂದ ಆದದ್ದು, ಎಂಟು ಘನಗಳಿಂದ ಆದ ಅತಿಘನ, 16 ಚತುರ್ಮುಖಿಗಳಿಂದ ಆದದ್ದು, 24 ಅಷ್ಟಮುಖಿಗಳಿಂದ ಆದದ್ದು, 120 ದ್ವಾದಶಮುಖಿಗಳಿಂದ ಆದದ್ದು, 600 ಚತುರ್ಮುಖಿಗಳಿಂದ ಆದದ್ದು ಎಂಬ ಈ ಆರರಲ್ಲಿ 24 ಕೋಶದ್ದು, ಎಂದರೆ ಮೇಲ್ಮೈಯಾಗಿ 24 ಘನಾಕಾರಗಳುಳ್ಳದ್ದು, ವಿಶೇಷ, ಏಕೆಂದರೆ ಮೂರು ಆಯಾಮದ ಸಮ ಬಹುಮುಖಿಗಳಲ್ಲಿ ಅದಕ್ಕೆ ಜೋಡಿಯಾಗಬಲ್ಲ ಆಕೃತಿಯೇ ಇಲ್ಲ. ಶ್ಲೇಫ್ಲಿಯ ಪ್ರಬಂಧ ಪೂರ್ಣವಾಗಿ ಅಚ್ಚಾದದ್ದು ಅವನ ಮರಣಾನಂತರ, 1901ರಲ್ಲಿ. ಅಷ್ಟರೊಳಗೆ ಅಮೆರಿಕದ ಇರ್ವಿಂಗ್ ಸ್ಟ್ರಿಂಗ್‌ಹ್ಯಾಮ್ 1880ರಲ್ಲಿ ಅದೇ ಆರು ಆಕೃತಿಗಳನ್ನು ಸ್ವತಂತ್ರವಾಗಿ ಕಂಡುಕೊಂಡು ಚಿತ್ರಸಮೇತ ಪ್ರಕಟಿಸಿದ್ದ. ಟೆಸರ್ಯಾಕ್ಟ್ ಎಂಬ ಪದವನ್ನು 1888ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಚಾರ್ಲ್ಸ್ ಹೋವರ್ಡ್ ಹಿಂಟನ್. ಬಣ್ಣ ಬಳಿದ ಮರದ ಘನಗಳನ್ನು ನೆನಪಿನಲ್ಲಿ ಜೋಡಿಸುವ ಅಭ್ಯಾಸದಿಂದ ನಾಲ್ಕನೆಯ ಆಯಾಮವನ್ನು ಮನಸ್ಸಿಗೆ ತಂದುಕೊಳ್ಳಬಹುದೆಂದು ಅವನು ನಂಬಿದ್ದ.

ಹಿಂಟನ್‌ನ ಘನಗಳಿಂದ ನಿಜವಾದ ಫಲ ಪಡೆದವಳು ಅವನ ನಾದಿನಿ ಅಲಿಸಿಯಾ ಬೂಲ್ ಸ್ಟಾಟ್. ತರ್ಕದ ಬೀಜಗಣಿತಕ್ಕೆ ಹೆಸರಾದ ಜಾರ್ಜ್ ಬೂಲ್ ಆಕೆಯ ತಂದೆ. ತಾಯಿ ಮೇರಿ ಎವರೆಸ್ಟ್, ಭಾರತದ ಮಹಾ ತ್ರಿಕೋನ ಮಾಪನವನ್ನು ಮುನ್ನಡೆಸಿದ ಜಾರ್ಜ್ ಎವರೆಸ್ಟನ ಸೋದರನ ಮಗಳು. ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ ಅಲಿಸಿಯಾ, ಸಮ ಆಕೃತಿಗಳನ್ನು ಮೂರು ಆಯಾಮದ ಅವಕಾಶವೊಂದು ಹಂತಹಂತವಾಗಿ ಕತ್ತರಿಸುತ್ತ ಹೋದರೆ ಯಾವ ಯಾವ ಘನಾಕಾರಗಳು ಮೂಡುತ್ತವೆಂದು ತಾನೇ ಲೆಕ್ಕ ಹಾಕಿ, ರಟ್ಟಿನಲ್ಲಿ ಮಾದರಿಗಳನ್ನು ಮಾಡಿ ಬಣ್ಣ ಹಚ್ಚಿದಳು. ನೆದರ್‌ಲೆಂಡ್ಸಿನ ಖ್ರೋನಿಂಗನ್ ವಿಶ್ವವಿದ್ಯಾಲಯ 1914ರಲ್ಲಿ ಆಕೆಗೆ ಗೌರವ ಡಾಕ್ಟರೇಟ್ ನೀಡಿತು. ಬಹುಮುಖಿಯ ಕಲ್ಪನೆಯನ್ನು ಯಾವ ಆಯಾಮಕ್ಕಾದರೂ ವಿಸ್ತರಿಸುವ ಪಾಲಿಟೋಪ್ ಎಂಬ ಪದವನ್ನು ಇಂಗ್ಲಿಷಿಗೆ ತಂದವಳೂ ಆಕೆಯೇ. ಒಂದರ ಪಕ್ಕದಲ್ಲಿ ಒಂದು ಇಟ್ಟ ಆ ರಟ್ಟಿನ ಮಾದರಿಗಳ ಸಾಲನ್ನು, ಓಡಿಸದೆ ಬಿಡಿಬಿಡಿಯಾಗಿ ಹರಡಿದ ಅನಿಮೇಷನ್ ಫಿಲ್ಮೆಂದೇ ಎಣಿಸಬಹುದು.

ಆಯಾಮವನ್ನು ಇಳಿಸುವ ಮೊದಲ ವಿಧಾನ ಪ್ರಕ್ಷೇಪ, ಎಂದರೆ ನೆರಳು ಬೀಳಿಸುವುದು. ತೊಗಲುಗೊಂಬೆಯಾಟದ ಗೊಂಬೆ ತಾನೇ ಚಪ್ಪಟೆಯಾದ್ದರಿಂದ ಪರದೆಯ ಮೇಲೆ ಬೀಳುವಾಗ ಬಹುಮಟ್ಟಿಗೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಅದೇ ದೀಪದ ಮುಂದೆ ತಂತಿಯಿಂದ ಮಾಡಿದ ಘನವನ್ನು ಹಿಡಿದರೆ ಹಿಂದು ಮುಂದಿನ ಅಂಚುಗಳು ಒಂದರ ಮೇಲೊಂದು ಬಿದ್ದು ಆಳವೆಂಬುದು ಅಳಿಸಿಹೋಗುತ್ತದೆ. ನಾಲ್ಕು ಆಯಾಮದ ಆಕೃತಿಯ ನೆರಳು ಮೂರು ಆಯಾಮದ್ದಾಗಿರುತ್ತದೆ, ಅದನ್ನು ತೆರೆಗೆ ತರಲು ಮತ್ತೊಮ್ಮೆ ನೆರಳಾಗಿಸಬೇಕಾಗುತ್ತದೆ. ಕಿರಣಗಳು ಸಮಾಂತರವಾಗಿದ್ದರೆ ಸಮಾಂತರ ಅಂಚುಗಳು ಸಮಾಂತರವಾಗಿಯೇ ಉಳಿಯುತ್ತವೆ. ಘನವನ್ನು ಮೂಲೆಯ ನೇರಕ್ಕೆ ಹಿಡಿದಾಗ ಹೊರಗೆರೆ ಸಮ ಷಡ್ಭುಜವಾಗುವಂತೆ ಅತಿಘನವನ್ನು ಮೂಲೆಯ ನೇರಕ್ಕೆ ಹಿಡಿದರೆ ಹನ್ನೆರಡು ವಜ್ರಾಕೃತಿ ಮುಖಗಳುಳ್ಳ ಘನಾಕಾರ ಮೂಡುತ್ತದೆ. ಕಿರಣಗಳು ಒಂದು ಬಿಂದುವಿನಿಂದ ಹೊರಟರೆ ದೂರದ್ದು ಕಿರಿದಾಗುವ ದೃಷ್ಟಿಕ್ರಮದ ಪ್ರಕ್ಷೇಪ ಸಿಗುತ್ತದೆ. ಶೃಂಗಗಳ ನಿರ್ದೇಶಾಂಕಗಳೆಲ್ಲ 1 ಅಥವಾ −1 ಆಗಿರುವ ಅತಿಘನವನ್ನು ನಾಲ್ಕನೆಯ ಅಕ್ಷದ ಮೇಲೆ 3 ಮಾನ ದೂರದಿಂದ ನೋಡಿದರೆ, ಪ್ರತಿ ಬಿಂದುವಿನ ಮೊದಲ ಮೂರು ನಿರ್ದೇಶಾಂಕಗಳನ್ನು, 3ನ್ನು 3ರಿಂದ ನಾಲ್ಕನೆಯ ನಿರ್ದೇಶಾಂಕವನ್ನು ಕಳೆದುಳಿದುದರಿಂದ ಭಾಗಿಸಿ ಬಂದ ಸಂಖ್ಯೆಯಿಂದ ಗುಣಿಸಬೇಕು. ಹತ್ತಿರದ ಘನಕ್ಕೆ ಆ ಗುಣಕ 1.5, ದೂರದ ಘನಕ್ಕೆ 0.75. ಹೀಗೆ ಒಂದು ಘನದೊಳಗೆ ಅದರ ಅರ್ಧ ಅಳತೆಯ ಇನ್ನೊಂದು ಘನ ಕೂತು, ಮೂಲೆಗೆ ಮೂಲೆ ಗೆರೆ ಕಟ್ಟಿಕೊಂಡ ಪ್ರಸಿದ್ಧ ಚಿತ್ರ ಹೊಮ್ಮುತ್ತದೆ. ಒಳಗಿನದು ಚಿಕ್ಕದೂ ಅಲ್ಲ, ಒಳಗೂ ಇಲ್ಲ. ದೇವಾಲಯದ ಉದ್ದನೆಯ ಕೈಸಾಲೆಯ ಒಂದು ತುದಿಯಲ್ಲಿ ನಿಂತವನಿಗೆ ಹತ್ತಿರದ ಕಂಬದ ಜೋಡಿಯೊಳಗೆ ದೂರದ ಕಂಬದ ಜೋಡಿ ಅಡಕವಾದಂತೆ ಕಾಣುವುದಷ್ಟೆ. ನಡುವೆ ತಲೆ ಕಡಿದ ಪಿರಮಿಡ್ಡಿನಂತೆ ಕಾಣುವ ಆರೂ ನಿಜದಲ್ಲಿ ಕುಂದಿಲ್ಲದ ಘನಗಳೇ.

ನಿಂತ ಚಿತ್ರದಿಂದ ಇದನ್ನು ಅರಿಯುವುದು ಕಷ್ಟ. ಚಲನೆ ಏಕೆ ಬೇಕೆಂಬುದಕ್ಕೆ ಸ್ಪಷ್ಟ ಆಧಾರ ಕೊಟ್ಟದ್ದು ಮನಶ್ಶಾಸ್ತ್ರಜ್ಞರಾದ ಹಾನ್ಸ್ ವಾಲಖ್ ಮತ್ತು ಡಿ. ಎನ್. ಓಕಾನೆಲ್ 1953ರಲ್ಲಿ ಪ್ರಕಟಿಸಿದ ಪ್ರಯೋಗ. ತಂತಿಯ ಆಕೃತಿಯೊಂದರ ನೆರಳು ನಿಂತಿರುವಾಗ ಬರಿಯ ಗೆರೆಗಳ ಗೋಜಲಾಗಿ ಕಂಡರೂ, ಆಕೃತಿಯನ್ನು ತಿರುಗಿಸಿದ ಕೂಡಲೆ ನೋಡುಗರಿಗೆ ಅದು ಮೂರು ಆಯಾಮದ ಗಟ್ಟಿ ವಸ್ತುವಾಗಿ ಕಂಡಿತು. ಗೆರೆಗಳು ಉದ್ದವಾಗುತ್ತ ಗಿಡ್ಡವಾಗುತ್ತ ಇರುವುದನ್ನು, ಅಳತೆ ಬದಲಾಗದ ಒಂದು ವಸ್ತು ತಿರುಗುತ್ತಿದೆಯೆಂದು ಮಿದುಳು ಸಹಜವಾಗಿಯೇ ಓದಿಕೊಳ್ಳುತ್ತದೆ. ಈ ಓದು ಒಂದು ಆಯಾಮ ಮೇಲಕ್ಕೂ ಸಾಗೀತೆ ಎಂಬುದೇ ಚತುರಾಯಾಮ ಅನಿಮೇಷನ್ನಿನ ಮೂಲಪ್ರಶ್ನೆ.

ತಿರುಗುವಿಕೆಯೂ ಇಲ್ಲಿ ರೂಢಿಯ ತಿರುಗುವಿಕೆಯಲ್ಲ. ಬುಗುರಿ ಒಂದು ಅಕ್ಷದ ಸುತ್ತ ತಿರುಗುತ್ತದೆಂಬ ಮಾತು ಮೂರು ಆಯಾಮಕ್ಕೆ ಮಾತ್ರ ಒಪ್ಪುತ್ತದೆ; ಒಂದು ಸಮತಲದೊಳಗೆ ತಿರುಗುತ್ತದೆ ಎಂದರೆ ಎಲ್ಲ ಆಯಾಮಕ್ಕೂ ಸಲ್ಲುತ್ತದೆ. ನಾಲ್ಕು ಅಕ್ಷಗಳಿಂದ ಎರಡೆರಡನ್ನು ಆರಿಸಿದರೆ ಆರು ಸಮತಲಗಳಾಗುತ್ತವೆ. ನಾಲ್ಕನೆಯ ಅಕ್ಷ ಸೇರದ ಮೂರರಲ್ಲಿ ತಿರುಗಿಸಿದಾಗ ತೆರೆಯ ಮೇಲಿನ ನೆರಳು ಎಂದಿನಂತೆ ಸುತ್ತುತ್ತದೆ. ನಾಲ್ಕನೆಯ ಅಕ್ಷ ಸೇರಿದ ಉಳಿದ ಮೂರರಲ್ಲಿ ತಿರುಗಿಸಿದಾಗ ಒಳಘನ ಹಿಗ್ಗಿ ಒಂದು ಪಕ್ಕದಿಂದ ಹೊರಬಂದು ಹೊರಘನವಾಗುತ್ತದೆ, ಹೊರಗಿನದು ಕುಗ್ಗಿ ಒಳಗೆ ಸೇರಿಕೊಳ್ಳುತ್ತದೆ, ಇಡೀ ಆಕೃತಿ ತನ್ನನ್ನು ತಾನೇ ಒಳಹೊರಗು ಮಾಡಿಕೊಳ್ಳುತ್ತಿರುವಂತೆ ಭಾಸವಾಗುತ್ತದೆ. ಪರಸ್ಪರ ಲಂಬವಾದ ಎರಡು ಸಮತಲಗಳಲ್ಲಿ ಒಟ್ಟಿಗೇ ತಿರುಗಿಸುವುದೂ ಸಾಧ್ಯ, ಆಗ ಕೇಂದ್ರವೊಂದನ್ನು ಬಿಟ್ಟು ಯಾವ ಬಿಂದುವೂ ನಿಂತಲ್ಲಿ ನಿಲ್ಲುವುದಿಲ್ಲ. ಬುಗುರಿಗೆ ಇಂಥ ಭಾಗ್ಯವಿಲ್ಲ. ಎಡಗೈ ಗವುಸನ್ನು ನಾಲ್ಕನೆಯ ಆಯಾಮದಲ್ಲಿ ಅರ್ಧ ಸುತ್ತು ತಿರುಗಿಸಿದರೆ ಬಲಗೈ ಗವುಸಾಗುತ್ತದೆಂಬ ಸೋಜಿಗದ ಮೂಲತತ್ತ್ವವನ್ನು ಜರ್ಮನಿಯ ಮೋಬಿಯಸ್ 1827ರಷ್ಟು ಹಿಂದೆಯೇ ಗುರುತಿಸಿದ್ದ.

ಗಣನೆಯ ದೃಷ್ಟಿಯಿಂದ ಇದೆಲ್ಲ ಹಗುರ. ಪ್ರತಿ ಶೃಂಗವನ್ನು ನಾಲ್ಕು ಸಾಲು ನಾಲ್ಕು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಮಾತೃಕೆಯಿಂದ ಗುಣಿಸಬೇಕು, ಅದಕ್ಕೆ 16 ಗುಣಾಕಾರಗಳು ಸಾಕು. 120 ಕೋಶದ ಆಕೃತಿಯ 600 ಶೃಂಗಗಳಿಗೂ ಸೇರಿ ಒಂದು ಚೌಕಟ್ಟಿಗೆ 9,600 ಗುಣಾಕಾರ. ಕೈಯಿಂದ ಮಾಡುವವನಿಗೆ ಇದು ಹಲವು ದಿನದ ದುಡಿಮೆ, ಆಮೇಲೆ 1,200 ಅಂಚುಗಳನ್ನು ಎಳೆಯಬೇಕು, ಸೆಕೆಂಡಿಗೆ 24 ಚೌಕಟ್ಟು ಓಡುವ ಸಿನಿಮಾದಲ್ಲಿ ಅಷ್ಟರಿಂದ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಕಾಲವೂ ತುಂಬದು. ಯಂತ್ರ ಬರುವ ತನಕ ಚಲನೆ ಬರದೆ ಇದ್ದುದಕ್ಕೆ ಕಾರಣ ಇದೊಂದೇ.

ಆ ಯಂತ್ರ ಮೊದಲು ಸಿಕ್ಕಿದ್ದು ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ ಎ. ಮೈಕಲ್ ನಾಲ್‌ಗೆ. 1960ರ ದಶಕದ ನಡುವೆ ಆತ ಐಬಿಎಂ 7094 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ, ಅದರ ಫಲಿತಾಂಶವನ್ನು ಮೈಕ್ರೋಫಿಲ್ಮ್ ಮೇಲೆ ಗೆರೆಗಳಾಗಿ ಬರೆಯುವ ಉಪಕರಣಕ್ಕೆ ಕೊಟ್ಟು, ತಿರುಗುವ ಅತಿಘನದ ಚಲನಚಿತ್ರ ತಯಾರಿಸಿದ. ಮೂರು ಆಯಾಮದ ನೆರಳನ್ನು ಮತ್ತೆ ಚಪ್ಪಟೆ ಮಾಡಿ ಕೆಡಿಸಬಾರದೆಂದು ಎಡಗಣ್ಣಿಗೊಂದು ಬಲಗಣ್ಣಿಗೊಂದು ಎಂದು ಜೋಡಿ ಚಿತ್ರಗಳನ್ನು ಬರೆಸಿದ್ದು ಆತನ ಜಾಣ್ಮೆ. ಹಾಗಾಗಿ ನೋಡುಗನಿಗೆ ಒಂದೇ ಸಲದ ನೆರಳು ದಕ್ಕುತ್ತಿತ್ತು, ಎರಡನೆಯ ಸಲದ ನಷ್ಟವನ್ನು ಎರಡು ಕಣ್ಣುಗಳೇ ತುಂಬಿಕೊಡುತ್ತಿದ್ದವು. 1967ರಲ್ಲಿ ನಾಲ್ ಈ ಕ್ರಮವನ್ನು ಎಷ್ಟು ಆಯಾಮಗಳಿಗಾದರೂ ಒಗ್ಗುವಂತೆ ವಿವರಿಸಿ ಪ್ರಕಟಿಸಿದ, ಮತ್ತು ಚಿತ್ರವನ್ನು ನೋಡಿದ್ದರಿಂದ ನಾಲ್ಕನೆಯ ಆಯಾಮದ ಒಳಅರಿವೇನೂ ಹುಟ್ಟಲಿಲ್ಲವೆಂಬ ನಿರಾಶೆಯನ್ನೂ ಮುಚ್ಚುಮರೆಯಿಲ್ಲದೆ ದಾಖಲಿಸಿದ. ತನ್ನ ಪ್ರಯೋಗ ಸೋತದ್ದನ್ನು ಹೀಗೆ ಒಪ್ಪಿಕೊಂಡ ಪ್ರಬಂಧವೇ ಈ ಕ್ಷೇತ್ರದ ಅಡಿಗಲ್ಲಾದುದು ಗಮನಾರ್ಹ.

ರೋಡ್ ಐಲೆಂಡಿನ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಥಾಮಸ್ ಬ್ಯಾಂಚಾಫ್ ಮತ್ತು ಕಂಪ್ಯೂಟರ್ ವಿಜ್ಞಾನಿ ಚಾರ್ಲ್ಸ್ ಸ್ಟ್ರಾಸ್ 1960ರ ದಶಕದ ಕೊನೆಯಿಂದ ಜೊತೆಗೂಡಿ ನಡೆಸಿದ ಕೆಲಸ ಇದೇ ಪ್ರಶ್ನೆಗೆ ಬೇರೆ ದಾರಿ ಹಿಡಿಯಿತು. ಮೊದಲೇ ಬರೆಸಿಟ್ಟ ಫಿಲ್ಮನ್ನು ನೋಡುವ ಬದಲು, ತೆರೆಯ ಮುಂದೆ ಕುಳಿತು ಗುಂಡಿ ತಿರುಗಿಸಿದಂತೆಲ್ಲ ಆಕೃತಿ ಆ ಕ್ಷಣದಲ್ಲೇ ತಿರುಗುವ ವ್ಯವಸ್ಥೆಯನ್ನು ಅವರು ರೂಢಿಸಿಕೊಂಡರು. ಅವರ 1978ರ ಕಿರುಚಿತ್ರ ಅತಿಘನದ ಪ್ರಕ್ಷೇಪಗಳನ್ನೂ ಛೇದಗಳನ್ನೂ, ಎಂದರೆ ಸೀಳುಗಳನ್ನೂ, ಒಂದೇ ಓಟದಲ್ಲಿ ತೋರಿಸಿತು. ಅದೇ ವರ್ಷ ಹೆಲ್ಸಿಂಕಿಯಲ್ಲಿ ನಡೆದ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿಯೂ ಪ್ರದರ್ಶನಗೊಂಡಿತು. ಇವರ ಕೆಲಸದ ಸುದ್ದಿ ಚಿತ್ರಕಾರ ಸಾಲ್ವಡಾರ್ ಡಾಲಿಯ ಕಿವಿಗೂ ಬಿದ್ದು 1975ರಲ್ಲಿ ಆತ ಬ್ಯಾಂಚಾಫ್‌ನನ್ನು ಕರೆಸಿಕೊಂಡು ಮಾತಾಡಿದ್ದುಂಟು. ಅದಕ್ಕೆ ಹಿನ್ನೆಲೆಯೂ ಇತ್ತು: ಡಾಲಿ 1954ರಲ್ಲಿ ಬಿಡಿಸಿದ ಶಿಲುಬೆಯ ಚಿತ್ರದಲ್ಲಿ ಶಿಲುಬೆಯೆಂಬುದು ಎಂಟು ಘನಗಳಾಗಿ ಬಿಚ್ಚಿ ಹರಡಿದ ಅತಿಘನವೇ. ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಮಟ್ಟಸ ಮಾಡುವಂತೆ ಆಕೃತಿಯನ್ನು ಬಿಡಿಸಿ ಹರಡುವ ಈ ಕ್ರಮದಲ್ಲಿ ಉದ್ದ ಕೋನಗಳೆಲ್ಲ ನಿಜವಾಗಿಯೇ ಉಳಿದು, ಯಾವುದಕ್ಕೆ ಯಾವುದು ಅಂಟಿಕೊಂಡಿತ್ತೆಂಬುದು ಮಾತ್ರ ಹರಿದುಹೋಗುತ್ತದೆ. ಘನವನ್ನು 11 ಬಗೆಯಲ್ಲಿ ಬಿಡಿಸಬಹುದಾದರೆ ಅತಿಘನವನ್ನು 261 ಬಗೆಯಲ್ಲಿ ಬಿಡಿಸಬಹುದು.

ಛೇದದ ಕ್ರಮ ಅಲಿಸಿಯಾಳ ರಟ್ಟಿನ ಸಾಲಿನ ನೇರ ವಾರಸುದಾರ. ಮೂರು ಆಯಾಮದ ಅವಕಾಶವನ್ನು ಒಂದು ಈಳಿಗೆಯ ಅಲಗೆಂದು ಭಾವಿಸಿ ನಾಲ್ಕು ಆಯಾಮದ ಆಕೃತಿಯನ್ನು ಅದರ ಮೂಲಕ ಹಾಯಿಸಿದರೆ, ಪ್ರತಿ ಗಳಿಗೆಯ ಕೊಯ್ತವೂ ಒಂದು ಘನಾಕಾರವಾಗುತ್ತದೆ. ಚತುರಾಯಾಮದ ಗೋಳ ಹಾದುಹೋಗುವಾಗ ಒಂದು ಚುಕ್ಕೆ ಮೂಡಿ, ಗೋಳವಾಗಿ ಬೆಳೆದು, ಮತ್ತೆ ಕುಗ್ಗಿ ಮಾಯವಾಗುತ್ತದೆ. ಅತಿಘನ ತನ್ನೊಂದು ಘನವನ್ನು ಮುಂದು ಮಾಡಿ ಬಂದರೆ ಇದ್ದಕ್ಕಿದ್ದಂತೆ ಒಂದು ಘನ ಕಾಣಿಸಿಕೊಂಡು, ಕೊಂಚ ಹೊತ್ತು ಬದಲಾಗದೆ ನಿಂತು, ಇದ್ದಕ್ಕಿದ್ದಂತೆಯೇ ಇಲ್ಲವಾಗುತ್ತದೆ, ನೋಡುವವನಿಗೆ ಅದರಿಂದ ತಿಳಿಯುವುದು ಅತ್ಯಲ್ಪ. ಮೂಲೆಯನ್ನು ಮುಂದು ಮಾಡಿ ಬಂದರೆ ಕಥೆಯೇ ಬೇರೆ: ಚುಕ್ಕೆಯಿಂದ ಸಣ್ಣ ಚತುರ್ಮುಖಿ ಹುಟ್ಟಿ ಬೆಳೆಯುತ್ತದೆ, ಕಾಲುಭಾಗ ದಾಟಿದ ಮೇಲೆ ಅದರ ನಾಲ್ಕು ಮೂಲೆಗಳು ಕತ್ತರಿಸಿಕೊಳ್ಳತೊಡಗುತ್ತವೆ, ಸರಿ ನಡುವಿಗೆ ಬಂದಾಗ ಕುಂದಿಲ್ಲದ ಸಮ ಅಷ್ಟಮುಖಿಯಾಗುತ್ತದೆ, ಬಳಿಕ ಇದೆಲ್ಲ ತಿರುಗುಮುರುಗಾಗಿ ನಡೆದು ಎದುರು ದಿಕ್ಕಿಗೆ ಮುಖ ಮಾಡಿದ ಚತುರ್ಮುಖಿಯಾಗಿ ಕುಗ್ಗುತ್ತದೆ. ಛೇದದಲ್ಲಿ ಕಾಣುವ ಅಳತೆಗಳೆಲ್ಲ ಸತ್ಯ, ಆದರೆ ಕಾಣುವುದು ಸದಾ ತುಣುಕು. ಪ್ರಕ್ಷೇಪದಲ್ಲಿ ಆಕೃತಿ ಇಡಿಯಾಗಿ ಕಾಣುತ್ತದೆ, ಅಳತೆಗಳು ಸುಳ್ಳಾಗುತ್ತವೆ.

ಚಿತ್ರಗಳ ಚೆಲುವಿನಲ್ಲಿ ಎಲ್ಲವನ್ನೂ ಮೀರಿದ್ದು ಧ್ರುವೀಯ ಪ್ರಕ್ಷೇಪ. ಆಕೃತಿಯನ್ನು ಮೊದಲು ಚೆಂಡಿನಂತೆ ಊದಿಸಿ ಚತುರಾಯಾಮ ಗೋಳದ ಮೇಲ್ಮೈಗೆ ಅಂಟಿಸಿ, ಆ ಗೋಳದ ಒಂದು ಧ್ರುವದಲ್ಲಿ ದೀಪವಿಟ್ಟು ನೆರಳು ಬೀಳಿಸಿದರೆ, ಅಂಚುಗಳು ಕಮಾನಿನಂತೆ ಬಾಗಿದರೂ ಕೋನಗಳು ಕೆಡುವುದಿಲ್ಲ, ವೃತ್ತಗಳು ವೃತ್ತಗಳಾಗಿಯೇ ಉಳಿಯುತ್ತವೆ, ಕೋಶಗಳು ಒಂದರೊಳಗೊಂದು ತೂರಿಕೊಳ್ಳುವುದೂ ಇಲ್ಲ. 1931ರಲ್ಲಿ ಹೈಂಜ್ ಹಾಫ್ ತೋರಿಸಿದಂತೆ ಈ ಗೋಳದ ಮೇಲ್ಮೈಯನ್ನು, ಯಾವ ಎರಡನ್ನು ತೆಗೆದುಕೊಂಡರೂ ಸರಪಣಿಯ ಕೊಂಡಿಗಳಂತೆ ಒಮ್ಮೆ ಹೆಣೆದುಕೊಂಡಿರುವ ವೃತ್ತಗಳಿಂದಲೇ ತುಂಬಬಹುದು. ಕಾಗದದ ಮೇಲೆ ಹತ್ತಾರು ಪುಟ ಬೇಡುವ ಈ ರಚನೆ ಅನಿಮೇಷನ್ನಿನಲ್ಲಿ ಕೆಲವೇ ನಿಮಿಷಗಳಲ್ಲಿ ಮನಸ್ಸಿಗೆ ಇಳಿಯುತ್ತದೆ. ಬೆಲ್ಜಿಯಂನ ಯೋಸ್ ಲೇಸ್, ಫ್ರಾನ್ಸಿನ ಎಟಿಯೆನ್ ಗೀಸ್ ಮತ್ತು ಔರೆಲಿಯನ್ ಅಲ್ವಾರೆಜ್ 2008ರಲ್ಲಿ ಬಿಡುಗಡೆ ಮಾಡಿದ, ಒಂಬತ್ತು ಅಧ್ಯಾಯಗಳ ಸುಮಾರು ಎರಡು ಗಂಟೆಯ ‘ಡೈಮೆನ್ಷನ್ಸ್’ ಚಿತ್ರ ಇದಕ್ಕೆ ಮಾದರಿ. ಶ್ಲೇಫ್ಲಿಯನ್ನೂ ಹಾಫ್‌ನನ್ನೂ ಪಾತ್ರಗಳಾಗಿ ತಂದ ಆ ಚಿತ್ರವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಹಂಚಬಹುದು.

ಚಪ್ಪಟೆ ಮುಖಗಳ ಆಕೃತಿಗಳಷ್ಟೇ ಅಲ್ಲದೆ ಬಾಗಿದ ಮೇಲ್ಮೈಗಳೂ ಈ ಅವಕಾಶದಲ್ಲಿವೆ. ಮಿಶ್ರ ಸಂಖ್ಯೆಯೊಂದಕ್ಕೆ ಎರಡು ಭಾಗಗಳಿರುವುದರಿಂದ ಮಿಶ್ರ ಸಂಖ್ಯೆಗಳ ಫಲನದ ನಕ್ಷೆಗೆ ನಾಲ್ಕು ಅಕ್ಷಗಳು ಬೇಕೇಬೇಕು. ಗಣಿತದ ವಿದ್ಯಾರ್ಥಿಗೆ ಅರಿವಿಲ್ಲದೆಯೇ ಎದುರಾಗುವ ಚತುರಾಯಾಮ ಇದು. ಒಳಹೊರಗಿನ ಭೇದವಿಲ್ಲದ ಕ್ಲೈನ್ ಶೀಶೆಯನ್ನು ಮೂರು ಆಯಾಮದಲ್ಲಿ ಬರೆದರೆ ಅದು ತನ್ನ ಕೊರಳನ್ನು ತನ್ನೊಡಲಿಗೇ ಚುಚ್ಚಿಕೊಳ್ಳುತ್ತದೆ, ನಾಲ್ಕರಲ್ಲಿ ಹಾಗಾಗುವುದಿಲ್ಲ. ನಾಲ್ಕನೆಯ ನಿರ್ದೇಶಾಂಕಕ್ಕೆ ತಕ್ಕಂತೆ ಬಣ್ಣ ಬಳಿದರೆ, ಚುಚ್ಚಿದಂತೆ ಕಾಣುವೆಡೆ ಎರಡು ಪದರಗಳ ಬಣ್ಣ ಬೇರೆಯಾಗಿ, ಅವು ತಾಗಿಲ್ಲವೆಂಬುದು ಬಯಲಾಗುತ್ತದೆ. ದಾರದ ಗಂಟು ಎಂಥದೇ ಇರಲಿ ನಾಲ್ಕು ಆಯಾಮದಲ್ಲಿ ಸಡಿಲಿ ಬಿಚ್ಚಿಹೋಗುತ್ತದೆ, ಅಲ್ಲಿ ಗಂಟು ಬೀಳಬಲ್ಲದ್ದು ಗೋಳದ ಮೇಲ್ಮೈ ಎಂದು 1925ರಲ್ಲಿ ಎಮಿಲ್ ಆರ್ಟಿನ್ ತೋರಿಸಿದ್ದ.

ತಂತಿಚಿತ್ರವನ್ನು ಬಿಟ್ಟು ನೆಳಲು ಬೆಳಕಿನ ಗಟ್ಟಿ ಚಿತ್ರಕ್ಕೆ ಹೋದೊಡನೆ ಹೊಸ ತೊಡಕು ಎದುರಾಗುತ್ತದೆ. ಮೂರು ಆಯಾಮದಲ್ಲಿ ಹಾಳೆಯಂಥ ಮೇಲ್ಮೈಗೆ ಲಂಬವಾದ ದಿಕ್ಕು ಒಂದೇ ಆದ್ದರಿಂದ ಬೆಳಕು ಎತ್ತ ಚಿಮ್ಮಬೇಕೆಂಬುದು ನಿಶ್ಚಿತ. ನಾಲ್ಕರಲ್ಲಿ ಅದೇ ಹಾಳೆಗೆ ಲಂಬ ದಿಕ್ಕುಗಳು ಅಸಂಖ್ಯ, ಬೆಳಕಿಗೆ ಅದು ನೂಲಿನಷ್ಟು ಸಪುರ. ಇಂಡಿಯಾನಾ ವಿಶ್ವವಿದ್ಯಾಲಯದ ಆಂಡ್ರ್ಯೂ ಹ್ಯಾನ್ಸನ್ 1990ರ ದಶಕದ ಮೊದಲಲ್ಲಿ ಸಹೋದ್ಯೋಗಿಗಳೊಡನೆ ಇಂಥ ಮೇಲ್ಮೈಗಳಿಗೆ ದಪ್ಪ ಕೊಟ್ಟು ಬೆಳಗಿಸುವ ಕ್ರಮಗಳನ್ನು ರೂಪಿಸಿದ. 1991ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರಬಂಧದಲ್ಲಿ ಸ್ಟೀವನ್ ಹಾಲಾಶ್ ಬೆಳಕಿನ ಕಿರಣದ ಜಾಡು ಹಿಡಿಯುವ ಕ್ರಮವನ್ನೇ ನಾಲ್ಕು ಆಯಾಮಕ್ಕೆ ವಿಸ್ತರಿಸಿದ. ಚತುರಾಯಾಮ ಜೀವಿಯೊಂದು ಇದ್ದಿದ್ದರೆ ಅದರ ಕಣ್ಣಿನ ಪರದೆ ಚಪ್ಪಟೆಯಾಗಿರದೆ ಘನವಾಗಿರುತ್ತಿತ್ತು, ಆದ್ದರಿಂದ ಹಾಲಾಶ್‌ನ ಲೆಕ್ಕದಿಂದ ಹೊರಬರುವುದು ಚಿತ್ರವಲ್ಲ, ಬಣ್ಣದ ಕಣಗಳಿಂದ ತುಂಬಿದ ಒಂದು ಗಡ್ಡೆ.

ನಾಲ್‌ನ ನಿರಾಶೆ ಅಂತಿಮ ತೀರ್ಪೇ ಎಂಬುದು ಕೈಯಾಡಿಸಿ ನೋಡಬಹುದಾದ ತಂತ್ರಾಂಶಗಳು ಬಂದ ಮೇಲೆ ಮರುಪರೀಕ್ಷೆಗೆ ಒಳಗಾಗಿದೆ. ಮಾರ್ಕ್ ಟೆನ್ ಬಾಷ್ 2017ರಲ್ಲಿ ಹೊರತಂದ ‘4ಡಿ ಟಾಯ್ಸ್’ ಎಂಬ ಆಟಿಕೆ ಪೆಟ್ಟಿಗೆಯಲ್ಲಿ ಚತುರಾಯಾಮದ ಗೋಳ, ಅತಿಘನ ಮುಂತಾದವು ಭಾರದಿಂದ ಬೀಳುತ್ತವೆ, ಢಿಕ್ಕಿ ಹೊಡೆಯುತ್ತವೆ, ಉರುಳುತ್ತವೆ. ಕಾಣುವುದು ಛೇದ ಮಾತ್ರವಾದ್ದರಿಂದ ಬೆರಳಿನಿಂದ ತಳ್ಳಿದ ವಸ್ತು ನಾಲ್ಕನೆಯ ದಿಕ್ಕಿಗೆ ಉರುಳಿ ಕಣ್ಣಿಂದ ಮರೆಯಾಗುವುದೂ ಉಂಟು. ಅದರ ಹಿಂದಿನ ಗತಿಶಾಸ್ತ್ರವನ್ನು ಆತ 2020ರಲ್ಲಿ ಎಷ್ಟು ಆಯಾಮಕ್ಕಾದರೂ ಹೊಂದುವಂತೆ ಪ್ರಕಟಿಸಿದ್ದಾನೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ವರ್ಚುವಲ್ ರಿಯಾಲಿಟಿಯ ಮೂಲಕ ಚತುರಾಯಾಮ ಆಕೃತಿಗಳನ್ನು ಅಲ್ಪ ಕಾಲವಷ್ಟೇ ಕಂಡಿದ್ದ ಸಾಮಾನ್ಯ ಜನರಿಗೆ, ಅವುಗಳೊಳಗಿನ ರೇಖೆಯ ಉದ್ದವೆಷ್ಟು, ಎರಡು ರೇಖೆಗಳ ನಡುವಿನ ಕೋನವೆಷ್ಟು ಎಂದು ಅಂದಾಜಿಸುವ ಕೆಲಸ ಕೊಡಲಾಗಿತ್ತು. ಉತ್ತರ ಸರಿಯೋ ತಪ್ಪೋ ಎಂದು ಯಾರೂ ತಿದ್ದದೆ ಇದ್ದರೂ ಅವರ ಅಂದಾಜುಗಳಲ್ಲಿ ಕಣ್ಣ ಮುಂದಿದ್ದ ನೆರಳಿನ ಅಳತೆಯಷ್ಟೇ ಅಲ್ಲ, ನಾಲ್ಕನೆಯ ಆಯಾಮದ ಮಾಹಿತಿಯೂ ಸೇರಿತ್ತು.